ಇಬ್ಬರಿಗೆ ನಾಲ್ಕೈದು ದಿನದ ದ್ವೀಪ ಪ್ರವಾಸ: ನೇತ್ರಾಣಿ, ಅಂಡಮಾನ್, ಲಕ್ಷದ್ವೀಪ, ಶ್ರೀಲಂಕಾ – ನಿಮಗೆ ಯಾವುದು?

ದಸರೆ ಮುಗಿಯುತ್ತಿದ್ದಂತೆ ಈ ಪ್ರಶ್ನೆ ಶುರುವಾಗುತ್ತದೆ. ಹೋಗುವವರು ಇಬ್ಬರು ಗೆಳೆಯರೋ ಗೆಳತಿಯರೋ, ಕೈಯಲ್ಲಿರುವುದು ನಾಲ್ಕೈದು ದಿನ, ಕಡಲೂ ಬೇಕು, ಪ್ರಾಣಿ ಪಕ್ಷಿಯೂ ಬೇಕು. ಯಾವ ದ್ವೀಪ? ಇದನ್ನು ಫೋಟೊ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಫೋಟೊದಲ್ಲಿ ಎಲ್ಲ ಕಡೆಯೂ ನೀರು ನೀಲಿ, ಮರಳು ಬಿಳಿ. ವ್ಯತ್ಯಾಸವಿರುವುದು ತಲುಪುವ ದಾರಿಯಲ್ಲಿ, ಹೋಗುವ ತಿಂಗಳಿನಲ್ಲಿ, ಮತ್ತು ನಿಮಗೆ ಯಾವ ಪ್ರಾಣಿಯನ್ನು ನೋಡುವ ಆಸೆ ಎನ್ನುವುದರಲ್ಲಿ.

ಕರ್ನಾಟಕದಿಂದ ಹೊರಡುವವರಿಗೆ ನಿಜವಾಗಿ ಕೈಗೆಟಕುವ ಆಯ್ಕೆಗಳು ನಾಲ್ಕು: ನಮ್ಮದೇ ಕರಾವಳಿಯ ನೇತ್ರಾಣಿ ಮತ್ತು ಸೇಂಟ್ ಮೇರೀಸ್, ಅಂಡಮಾನಿನ ಸ್ವರಾಜ್ ದ್ವೀಪ, ಲಕ್ಷದ್ವೀಪದ ಅಗತ್ತಿ, ಶ್ರೀಲಂಕಾದ ದಕ್ಷಿಣ ತೀರ. ಇವನ್ನು ಒಂದೊಂದಾಗಿ ನೋಡುವ ಮೊದಲು ಅಳತೆಗೋಲು ಯಾವುದು ಎಂದು ಗೊತ್ತುಮಾಡಿಕೊಳ್ಳೋಣ.

ದಿನಗಳನ್ನಲ್ಲ, ಬೆಳಗುಗಳನ್ನು ಎಣಿಸಿ

ಕಡಲಲ್ಲಾಗಲಿ ಕಾಡಲ್ಲಾಗಲಿ ನೋಡುವಂಥದ್ದೆಲ್ಲ ಬೆಳಗ್ಗೆಯೇ. ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ, ನೀರು ಕಲಕುತ್ತದೆ, ಬೋಟು ಹೊಯ್ದಾಡುತ್ತದೆ. ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ನೀರೊಳಗೆ ಮುಳುಗುವುದು), ಸ್ನಾರ್ಕೆಲಿಂಗ್ (ಕೊಳವೆಯಿಂದ ಉಸಿರಾಡುತ್ತಾ ಮೇಲೇ ತೇಲಿ ಕೆಳಗೆ ನೋಡುವುದು) ಬೋಟುಗಳು, ತಿಮಿಂಗಿಲ ನೋಡಲು ಹೋಗುವ ಬೋಟುಗಳು ಏಳೆಂಟು ಗಂಟೆಯೊಳಗೆ ಹೊರಡುವುದು ಇದಕ್ಕೇ. ಸಫಾರಿ ಗೇಟು ತೆರೆಯುವುದು ಆರಕ್ಕೆ. ಹಕ್ಕಿಗಳ ಓಡಾಟ ಜೋರಾಗಿರುವುದು ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ. ಆದ್ದರಿಂದ 'ಐದು ದಿನದ ಪ್ಯಾಕೇಜ್' ಎಂದು ಯಾರಾದರೂ ಹೇಳಿದರೆ, ಅದರಲ್ಲಿ ವಿಮಾನ, ಫೆರ್ರಿ, ರೂಮ್ ಬದಲಾವಣೆಗೆ ಹೋಗುವ ಬೆಳಗುಗಳನ್ನು ಕಳೆದು ಉಳಿದದ್ದೆಷ್ಟು ಎಂದು ಲೆಕ್ಕ ಹಾಕಿ. ಎಷ್ಟೋ ಐದು ದಿನದ ಪ್ರವಾಸಗಳಲ್ಲಿ ಉಳಿಯುವುದು ಎರಡೇ ಬೆಳಗು.

ಎರಡನೆಯದು, ಪ್ರಾಣಿ ನೀರೊಳಗಿನದೋ ನೆಲದ ಮೇಲಿನದೋ. ಅಂಡಮಾನ್, ಲಕ್ಷದ್ವೀಪ, ನೇತ್ರಾಣಿ ಮೂರರಲ್ಲೂ ಮುಖ್ಯ ಜೀವಲೋಕ ನೀರಿನಡಿ ಇದೆ. ಆನೆ, ಚಿರತೆ ಬೇಕೆಂದರೆ ಶ್ರೀಲಂಕಾ ಒಂದೇ ಉತ್ತರ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ನೀರೆಂದರೆ ಭಯವಿದ್ದರೆ ಇದನ್ನು ಮುಚ್ಚಿಡದೆ ಮೊದಲೇ ಮಾತಾಡಿಕೊಳ್ಳಿ. ಟಿಕೆಟ್ ಕೊಂಡ ಮೇಲೆ ಜೆಟ್ಟಿಯಲ್ಲಿ ನಿಂತು ಮಾತಾಡುವ ವಿಷಯ ಅದಲ್ಲ.

ಮೂರನೆಯದು ತಿಂಗಳು. ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವಾಸಿ ಬೋಟುಗಳಿಲ್ಲ. ಲಕ್ಷದ್ವೀಪದಲ್ಲೂ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಹಡಗು, ಬೋಟು ಎರಡನ್ನೂ ನಂಬುವಂತಿಲ್ಲ. ಅಂಡಮಾನಿಗೆ ಮಳೆಗಾಲವೂ ಉಂಟು, ಅಕ್ಟೋಬರ್-ನವೆಂಬರ್‌ನ ಚಂಡಮಾರುತಗಳೂ ಉಂಟು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನಾಲ್ಕೂ ತೆರೆದಿರುತ್ತವೆ, ನಿಜವಾದ ಆಯ್ಕೆಯ ಪ್ರಶ್ನೆ ಬರುವುದು ಆಗಲೇ.

ನಾಲ್ಕನೆಯದು, ಇಬ್ಬರಿಗೆ ಬೀಳುವ ಖರ್ಚು. ರೂಮು, ಬಾಡಿಗೆ ಸ್ಕೂಟರ್, ಸಫಾರಿ ಜೀಪು ಇವೆಲ್ಲ ತಲೆಗೆ ಅರ್ಧವಾಗುತ್ತವೆ. ಫೆರ್ರಿ ಸೀಟು, ಸ್ಕೂಬಾ, ಪ್ರವೇಶ ಶುಲ್ಕ ಅರ್ಧವಾಗುವುದಿಲ್ಲ. ಜೀಪಿನಲ್ಲಿ ಆರು ಜನ ಹಂಚಿಕೊಳ್ಳುವ ಬಾಡಿಗೆಯನ್ನು ನೀವಿಬ್ಬರೇ ಕೊಡಬೇಕಾಗುತ್ತದೆ ಎನ್ನುವುದೂ ನೆನಪಿರಲಿ. ಕೊನೆಯದಾಗಿ ಕಾಗದಪತ್ರ: ಒಂದು ಕಡೆ ಆಧಾರ್ ಸಾಕು, ಒಂದು ಕಡೆ ಪರವಾನಗಿ, ಒಂದು ಕಡೆ ಪಾಸ್‌ಪೋರ್ಟ್.

ನೇತ್ರಾಣಿ ಮತ್ತು ಸೇಂಟ್ ಮೇರೀಸ್: ಮೂರೇ ದಿನ ಇದ್ದರೆ

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಕಡಲ ನಡುವೆ ಕಾಡು ಹೊದ್ದು ನಿಂತ ಕಲ್ಲುಗುಡ್ಡ ನೇತ್ರಾಣಿ. ಬೋಟಿನಲ್ಲಿ ಒಂದರಿಂದ ಒಂದೂವರೆ ಗಂಟೆ. ಇಲ್ಲಿ ಒಂದು ತಪ್ಪು ಕಲ್ಪನೆ ತುಂಬಾ ಇದೆ: ನೇತ್ರಾಣಿಗೆ ಹೋಗುವುದೆಂದರೆ ದ್ವೀಪದ ಮೇಲೆ ಇಳಿಯುವುದಲ್ಲ. ಅಲ್ಲಿ ಮರಳ ದಂಡೆ ಇಲ್ಲ, ಬೋಟು ಬಂಡೆಯ ಪಕ್ಕ ಲಂಗರು ಹಾಕುತ್ತದೆ, ನೀವು ನೀರಿಗೆ ಇಳಿಯುತ್ತೀರಿ. ಬೀಚ್ ಬೇಕೆಂದರೆ ಮತ್ತೆ ದಡಕ್ಕೇ ಬರಬೇಕು.

ಆದರೆ ನೀರೊಳಗೆ ಸಿಗುವುದು ಕಡಿಮೆಯೇನಲ್ಲ. ಗಿಳಿಮೀನು, ಟ್ರಿಗರ್ ಮೀನು, ಬರಾಕುಡಾ ಹಿಂಡು, ಬಂಡೆಯ ಸಂದಿಯಿಂದ ಬಾಯಿ ತೆರೆದು ನೋಡುವ ಮೊರೆ ಹಾವುಮೀನು, ಅದೃಷ್ಟವಿದ್ದರೆ ಕಡಲಾಮೆ, ಕಪ್ಪು ತುದಿಯ ಶಾರ್ಕ್. ತಲೆ ಎತ್ತಿದರೆ ದ್ವೀಪದ ಮರಗಳಲ್ಲಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದು. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿದ್ದಾಗ 15 ಮೀಟರ್‌ಗೂ ಹೆಚ್ಚು ದೂರ ಕಾಣುತ್ತದೆ. ಅಕ್ಟೋಬರ್ ಮೊದಲಲ್ಲಿ ಹೋದರೆ ಮಳೆಗಾಲದ ಕೆಸರು ಇನ್ನೂ ಇಳಿದಿರುವುದಿಲ್ಲ, ಅಷ್ಟೇ ದುಡ್ಡು ಕೊಟ್ಟು ಅರ್ಧ ನೋಡಿ ಬರುತ್ತೀರಿ.

ಈಜು ಬಾರದವರೂ ಮೊದಲ ಸಲದ ಸ್ಕೂಬಾ ಮಾಡಬಹುದು. ಒಬ್ಬೊಬ್ಬರಿಗೆ ಒಬ್ಬ ತರಬೇತುದಾರ ಕೈ ಹಿಡಿದೇ ಇರಬೇಕು, ಇದನ್ನು ಬುಕಿಂಗ್ ಮಾಡುವಾಗಲೇ ಕೇಳಿ. ದರ ಸಾಮಾನ್ಯವಾಗಿ ತಲೆಗೆ ಐದು ಸಾವಿರದ ಆಸುಪಾಸು. ಅದರಲ್ಲಿ ಬೋಟು, ಸಲಕರಣೆ, ಫೋಟೊ ಸೇರಿದೆಯೇ, ಮತ್ತು ನೀರೊಳಗೆ ಎಷ್ಟು ನಿಮಿಷ ಎನ್ನುವುದನ್ನೂ ಕೇಳಿ ತಿಳಿದುಕೊಳ್ಳಿ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಆಗಿದ್ದವರು ವೈದ್ಯರ ಒಪ್ಪಿಗೆ ಇಲ್ಲದೆ ಇಳಿಯಬಾರದು. ನೆಗಡಿ ಇದ್ದರೂ ಬೇಡ. ಕೆಳಗೆ ಇಳಿಯುತ್ತಾ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡವನ್ನು ಸರಿದೂಗಿಸಬೇಕು, ಕಿವಿ ನೋಯಲು ಶುರುವಾಗುವ ಮೊದಲೇ, ಪ್ರತಿ ಮೀಟರ್‌ಗೆ ಒಮ್ಮೆ. ನೆಗಡಿಯಲ್ಲಿ ಆ ದಾರಿ ಕಟ್ಟಿರುತ್ತದೆ, ಹಟಕ್ಕೆ ಇಳಿದರೆ ಕಿವಿತಮಟೆಗೇ ಪೆಟ್ಟು. ಇನ್ನೊಂದು ಸಣ್ಣ ವಿಷಯ: ದಪ್ಪ ಮೀಸೆ ಇದ್ದವರ ಮಾಸ್ಕ್ ಚರ್ಮಕ್ಕೆ ಸರಿಯಾಗಿ ಅಂಟುವುದಿಲ್ಲ, ಮೂಗಿನ ಕೆಳಗಿಂದ ನೀರು ಒಸರುತ್ತಲೇ ಇರುತ್ತದೆ. ಮಾಸ್ಕ್‌ಗೆ ಬಂದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದನ್ನು ಮೊಣಕಾಲುದ್ದ ನೀರಲ್ಲೇ ನಾಲ್ಕಾರು ಸಲ ಅಭ್ಯಾಸ ಮಾಡಿಕೊಂಡರೆ ಕೆಳಗೆ ಗಾಬರಿಯಾಗುವುದಿಲ್ಲ.

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಗಿನ ಜಾವ ಕರಾವಳಿ. ಅದೇ ಬೆಳಗ್ಗೆ ಡೈವಿಂಗ್ ಬೋಟು ಹತ್ತುವ ಯೋಜನೆ ಮಾತ್ರ ಬೇಡ. ರೈಲು ಒಂದು ಗಂಟೆ ತಡವಾದರೆ ಬೋಟು ಹೋಗಿರುತ್ತದೆ, ನಿದ್ದೆಗೆಟ್ಟ ಹೊಟ್ಟೆಗೆ ಅಲೆಯೂ ತಡೆಯುವುದಿಲ್ಲ. ಮೊದಲ ದಿನ ಉಡುಪಿಯಲ್ಲಿ ಇಳಿದು ಮಲ್ಪೆಯಿಂದ ಸೇಂಟ್ ಮೇರೀಸ್ ನೋಡಿ, ಸಂಜೆ ಮುರುಡೇಶ್ವರ ಸೇರಿ, ಎರಡನೇ ಬೆಳಗ್ಗೆ ನೇತ್ರಾಣಿಗೆ ಹೋಗುವುದು ಸರಿಯಾದ ಕ್ರಮ.

ಸೇಂಟ್ ಮೇರೀಸ್ ದಡದಿಂದ ಐದಾರು ಕಿ.ಮೀ., ಅರ್ಧ ಗಂಟೆಯೊಳಗಿನ ಬೋಟು ಪ್ರಯಾಣ. ಇದು ಪ್ರಾಣಿಗಳಿಗಿಂತ ಕಲ್ಲಿಗಾಗಿ ನೋಡಬೇಕಾದ ಜಾಗ: ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದ ಲಾವಾ ತಣ್ಣಗಾಗಿ ಐದು-ಆರು ಮೂಲೆಯ ಕಂಬಗಳಾಗಿ ನಿಂತಿದೆ. ರಾತ್ರಿ ಉಳಿಯಲು ಬಿಡುವುದಿಲ್ಲ, ಸಂಜೆಯೊಳಗೆ ವಾಪಸು. ಬಂಡೆಗಳ ನಡುವೆ ಸೆಳೆತ ಹೆಚ್ಚು, ಕಾವಲಿನವರು ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ಈಜಬೇಡಿ.

ಮೂರನೇ ದಿನದ ಬಗ್ಗೆ ಯಾರೂ ಹೇಳದ ಒಂದು ಮಾತಿದೆ. ಸ್ಕೂಬಾ ಮಾಡಿದಾಗ ಒತ್ತಡದಲ್ಲಿ ನೈಟ್ರೋಜನ್ ರಕ್ತದಲ್ಲಿ ಕರಗಿರುತ್ತದೆ, ಕೂಡಲೇ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಿ ಕೀಲುನೋವಿನಿಂದ ಹಿಡಿದು ಲಕ್ವದವರೆಗೆ ತೊಂದರೆ ಕೊಡಬಹುದು. ಈ ನಿಯಮ ವಿಮಾನಕ್ಕೆ ಮಾತ್ರ ಎಂದುಕೊಳ್ಳುತ್ತಾರೆ. ಆದರೆ ಬೆಂಗಳೂರೇ ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ದಾರಿಯಲ್ಲಿ ಘಟ್ಟ ಬೇರೆ. ಒಂದೇ ಸಲ, ಕಡಿಮೆ ಆಳದಲ್ಲಿ ಮುಳುಗಿದ್ದರೆ ಅಪಾಯ ಸಣ್ಣದು, ಆದರೂ ಅದೇ ಸಂಜೆ ಘಟ್ಟ ಹತ್ತುವ ಬಸ್ಸು ಬೇಡ. ಇನ್ನೊಂದು ರಾತ್ರಿ ಕೆಳಗೇ ಇದ್ದು, ಮರುದಿನ ಹೊನ್ನಾವರದ ಕಾಸರಕೋಡು ಬೀಚ್ ನೋಡಿ ಹೊರಡಿ. 2020ರಲ್ಲಿ ಬ್ಲೂ ಫ್ಲಾಗ್ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಸಿಗುವ ಅಂತರರಾಷ್ಟ್ರೀಯ) ಮಾನ್ಯತೆ ಪಡೆದ ಬೀಚ್ ಅದು, ಸ್ವಚ್ಛವಾಗಿದೆ.

ಇಬ್ಬರಿಗೂ ಸೇರಿ ಇಪ್ಪತ್ತೈದು ಸಾವಿರದೊಳಗೆ ಮುಗಿಯುವ ಪ್ರವಾಸ ನಾಲ್ಕರಲ್ಲಿ ಇದೊಂದೇ. ಮೂರು ದಿನಕ್ಕೆ ಎರಡು ಬೆಳಗು ಪೂರ್ತಿ ಸಿಗುತ್ತವೆ. ಕೊರತೆ ಒಂದೇ: ಕಡಲು ಒರಟಾಗಿ ಬೋಟು ರದ್ದಾದರೆ ಬದಲಿ ಇಲ್ಲ.

ಅಂಡಮಾನ್: ಬೀಚ್ ಮೊದಲು, ಉಳಿದದ್ದು ಆಮೇಲೆ ಎನ್ನುವವರಿಗೆ

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಎರಡೂವರೆ ಗಂಟೆ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು, ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಟಿಕೆಟ್ ಮಾಡುವಾಗ ಎರಡೂ ಹೆಸರು ಕಾಣುತ್ತವೆ, ಗಲಿಬಿಲಿ ಬೇಡ. ಭಾರತೀಯರಿಗೆ ಈ ಪ್ರವಾಸಿ ದ್ವೀಪಗಳಿಗೆ ವಿಶೇಷ ಪರವಾನಗಿ ಬೇಕಿಲ್ಲ.

ಐದು ದಿನವಿದ್ದು ಮೂರು ದ್ವೀಪ ಸುತ್ತಿಸುವ ಪ್ಯಾಕೇಜುಗಳೇ ಹೆಚ್ಚು. ಅವು ಬೆಳಗುಗಳನ್ನು ತಿನ್ನುತ್ತವೆ. ಶಹೀದ್ ದ್ವೀಪಕ್ಕೆ ಹೋಗುವ ಫೆರ್ರಿ ಒಂದು ಗಂಟೆಯದೇ, ಆದರೆ ಒಂದು ಗಂಟೆ ಮೊದಲು ಜೆಟ್ಟಿಯಲ್ಲಿರಬೇಕು, ರೂಮ್ ಖಾಲಿ ಮಾಡಬೇಕು, ಅಲ್ಲಿ ಮತ್ತೆ ರೂಮಿಗಾಗಿ ಹನ್ನೆರಡರವರೆಗೆ ಕಾಯಬೇಕು. ಅಲ್ಲಿಗೆ ಒಂದು ಬೆಳಗು ಹೋಯಿತು. ಇಬ್ಬರೇ ಇದ್ದು ಐದೇ ದಿನವಿದ್ದರೆ ಮೂರು ರಾತ್ರಿ ಸ್ವರಾಜ್ ದ್ವೀಪದಲ್ಲೇ ಇರಿ, ಕೊನೆಯ ರಾತ್ರಿ ಮಾತ್ರ ಪೋರ್ಟ್ ಬ್ಲೇರ್. ಮೊದಲ ದಿನ ಬೆಳಗಿನ ವಿಮಾನ ಹಿಡಿದರೆ ಮಧ್ಯಾಹ್ನದ ಖಾಸಗಿ ಕ್ಯಾಟಮರಾನ್ (ಜೋಡಿ ಒಡಲಿನ ವೇಗದ ಫೆರ್ರಿ) ಸಿಗುತ್ತದೆ, ಪ್ರಯಾಣ ಸುಮಾರು ಒಂದೂವರೆ ಗಂಟೆ. ಸರ್ಕಾರಿ ಫೆರ್ರಿ ಅಗ್ಗ, ಆದರೆ ಎರಡೂವರೆ ಗಂಟೆ, ಸೀಟು ಸಿಗುವುದೂ ಕಷ್ಟ. ವಿಮಾನ ಇಳಿಯುವ ಹೊತ್ತಿಗೂ ಫೆರ್ರಿಗೂ ಕನಿಷ್ಠ ಎರಡೂವರೆ-ಮೂರು ಗಂಟೆ ಅಂತರವಿಡಿ. ಮರಳುವಾಗ ದ್ವೀಪದಿಂದ ಬೆಳಗಿನ ಫೆರ್ರಿ, ಅದೇ ದಿನ ವಿಮಾನ ಎಂಬ ಲೆಕ್ಕ ಎಂದಿಗೂ ಬೇಡ. ಹವಾಮಾನ ಕೆಟ್ಟರೆ ಫೆರ್ರಿ ರದ್ದಾಗುತ್ತದೆ, ವಿಮಾನ ಕಾಯುವುದಿಲ್ಲ. ಸ್ಕೂಬಾ ಮತ್ತು ವಿಮಾನದ ನಡುವೆ ಒಂದೇ ಸಲ ಮುಳುಗಿದ್ದರೆ 12 ಗಂಟೆ, ಹಲವು ಸಲವಾದರೆ 18 ಗಂಟೆ ಕನಿಷ್ಠ, 24 ಇದ್ದರೆ ನೆಮ್ಮದಿ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿರಿ ಎನ್ನುವುದು ಎರಡೂ ಕಾರಣಕ್ಕೆ.

ಹೀಗೆ ಮಾಡಿದರೆ ಮೂರು ಬೆಳಗು. ಒಂದನ್ನು ಸ್ಕೂಬಾಗೆ ಇಡಿ. ಒಂದನ್ನು ಎಲಿಫೆಂಟ್ ಬೀಚಿನ ಸ್ನಾರ್ಕೆಲಿಂಗ್‌ಗೆ ಇಡಿ, ಜೆಟ್ಟಿಯಿಂದ ಬೋಟಿನಲ್ಲಿ ಇಪ್ಪತ್ತು-ಮೂವತ್ತು ನಿಮಿಷ, ಮೊದಲ ಬೋಟಿಗೇ ಹೋಗಬೇಕು. ಹತ್ತು ಗಂಟೆಯ ನಂತರ ಜನರ ಕಾಲಿಗೆ ಎದ್ದ ಮರಳಲ್ಲಿ ಮೀನು ಕಾಣುವುದು ಕಡಿಮೆ. ಮೂರನೆಯದು ಕಾಲಾಪತ್ಥರ್ ಬೀಚಿನ ಸೂರ್ಯೋದಯಕ್ಕೆ, ಸ್ಕೂಟರ್ ಬಾಡಿಗೆಗೆ ಸಿಗುತ್ತದೆ. ರಾಧಾನಗರ ಬೀಚ್ ಸಂಜೆಯದು. ಇಲ್ಲಿ ಗಡಿಯಾರ ಮೋಸ ಮಾಡುತ್ತದೆ: ಇಷ್ಟು ಪೂರ್ವದಲ್ಲಿದ್ದರೂ ಸಮಯ ನಮ್ಮದೇ, ಹಾಗಾಗಿ ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಐದು ಗಂಟೆಯ ಸುಮಾರಿಗೆ. ಊಟ ಮುಗಿಸಿ ನಿದ್ದೆ ಹೊಡೆದು ಐದೂವರೆಗೆ ಹೋದರೆ ಕತ್ತಲು. ಮೂರೂವರೆಗೆಲ್ಲ ಅಲ್ಲಿರಿ.

ಪಂಚಾಂಗ ನೋಡಿ ದಿನ ಇಡುವ ಅಭ್ಯಾಸ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರ-ಇಳಿತ ದೊಡ್ಡದು, ನೀರಿನ ಸೆಳೆತವೂ ಜೋರು. ಅಷ್ಟಮಿಯ ಸುತ್ತಮುತ್ತ ನೀರು ಶಾಂತ, ಸ್ಕೂಬಾಗೆ ಅನುಕೂಲ. ರಾತ್ರಿ ಕಯಾಕ್ ಹಾಕಿದಾಗ ಹುಟ್ಟಿನ ತುದಿಯಲ್ಲಿ ನೀಲಿ ಮಿಂಚು ಹರಡುವ ಕಡಲ ಬೆಳಕನ್ನು ನೋಡಬೇಕಿದ್ದರೆ ಚಂದ್ರನಿಲ್ಲದ ರಾತ್ರಿಗಳೇ ಆಗಬೇಕು. ಎರಡೂ ಒಟ್ಟಿಗೆ ಸಿಗುವುದು ಕಷ್ಟ, ಯಾವುದು ಮುಖ್ಯ ಎಂದು ನಿರ್ಧರಿಸಿ.

ನೆಲದ ಮೇಲಿನ ಪ್ರಾಣಿಗಳ ವಿಷಯದಲ್ಲಿ ಅಂಡಮಾನಿನಿಂದ ಹೆಚ್ಚು ನಿರೀಕ್ಷಿಸಬೇಡಿ. ಹುಲಿ, ಚಿರತೆ, ಕರಡಿ ಇಲ್ಲಿಲ್ಲ. ಪೋರ್ಟ್ ಬ್ಲೇರ್ ಎದುರಿನ ರಾಸ್ ದ್ವೀಪದಲ್ಲಿ (ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ) ಕಾಣುವ ಚುಕ್ಕೆ ಜಿಂಕೆಗಳು ಬ್ರಿಟಿಷರು ತಂದುಬಿಟ್ಟವು. ಆದರೆ ಹಕ್ಕಿ ನೋಡುವವರಿಗೆ ಇದು ಬೇರೆಯದೇ ಲೋಕ, ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲದ ಹಕ್ಕಿಗಳು ಇಪ್ಪತ್ತಕ್ಕೂ ಹೆಚ್ಚಿವೆ. ಅಂಡಮಾನ್ ಕಪ್ಪು ಮರಕುಟಿಗ, ಅಂಡಮಾನ್ ಕೆಂಬೂತ, ಅಂಡಮಾನ್ ಸರ್ಪ ಹದ್ದು ಇವಕ್ಕಾಗಿ ಪೋರ್ಟ್ ಬ್ಲೇರ್‌ನಿಂದ ಸುಮಾರು 25 ಕಿ.ಮೀ. ದೂರದ ಚಿಡಿಯಾ ಟಾಪುವಿಗೆ ನಾಲ್ಕನೇ ಸಂಜೆ ಹೋಗಿ.

ನೀರಿಗೆ ಇಳಿಯುವ ಮುನ್ನ ಮೊಸಳೆಯ ಎಚ್ಚರಿಕೆ ಫಲಕ ಓದಿ. ಅಂಡಮಾನಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹೊಳೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಕೆಲವೊಮ್ಮೆ ಅವು ಬೀಚಿಗೂ ಬರುತ್ತವೆ. 2010ರಲ್ಲಿ ರಾಧಾನಗರದ ಪಕ್ಕದ ಕೊಲ್ಲಿಯಲ್ಲಿ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಬಲೆ ಕಟ್ಟಿದ ಜಾಗದಲ್ಲಿ, ಬೆಳಕಿರುವಾಗ, ಇಬ್ಬರೂ ಜೊತೆಗೇ ಈಜಿ. ಹೊಳೆ ಕಡಲಿಗೆ ಸೇರುವ ಮೂಲೆಗೆ ಹೋಗಬೇಡಿ.

ಬಾರಾಟಾಂಗ್ ಸುಣ್ಣದ ಗುಹೆಗಳ ಪ್ರವಾಸವನ್ನು ಎಲ್ಲ ಏಜೆಂಟರೂ ಮುಂದಿಡುತ್ತಾರೆ. ರಸ್ತೆ ಜರವಾ ಜನರ ಮೀಸಲು ಪ್ರದೇಶದೊಳಗೆ ಹಾಯುತ್ತದೆ. ಅವರನ್ನು ನೋಡುವುದನ್ನೇ ಆಕರ್ಷಣೆಯಾಗಿ ಮಾರುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ, ಮನುಷ್ಯತ್ವಕ್ಕೂ ವಿರುದ್ಧ. ಐದು ದಿನದಲ್ಲಿ ಒಂದು ಪೂರ್ತಿ ದಿನವನ್ನು ಅದಕ್ಕೆ ಕೊಡುವುದು ಬೇಡ. ಇನ್ನೊಂದು ದಿನ ಹೆಚ್ಚಿಗೆ ಸಿಕ್ಕರೆ ವಂಡೂರಿನಿಂದ ಜಾಲಿ ಬಾಯ್‌ಗೆ ಹೋಗಿ. 1983ರಲ್ಲಿ ಆದ ಕಡಲ ರಾಷ್ಟ್ರೀಯ ಉದ್ಯಾನದ ಭಾಗ ಅದು, ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ, ಸೋಮವಾರ ರಜೆ, ವರ್ಷದ ಅರ್ಧ ಭಾಗ ಅದನ್ನು ಮುಚ್ಚಿ ರೆಡ್ ಸ್ಕಿನ್ ದ್ವೀಪವನ್ನು ತೆರೆಯುತ್ತಾರೆ.

ವಿಮಾನ, ಫೆರ್ರಿ, ಮಧ್ಯಮ ದರ್ಜೆಯ ರೂಮು, ಒಂದು ಸ್ಕೂಬಾ ಸೇರಿ ತಲೆಗೆ ಮೂವತ್ತೈದರಿಂದ ನಲವತ್ತೈದು ಸಾವಿರ ಇಟ್ಟುಕೊಳ್ಳಿ. ಕ್ರಿಸ್‌ಮಸ್-ಹೊಸವರ್ಷದ ವಾರ ಬಿಟ್ಟರೆ ವಿಮಾನದ ದರ ಸಾಕಷ್ಟು ಇಳಿಯುತ್ತದೆ.

ಲಕ್ಷದ್ವೀಪ: ಕಡಲಾಮೆಗಾಗಿ, ತಾಳ್ಮೆ ಇದ್ದರೆ

1956ರವರೆಗೆ ಅಮಿನಿ, ಕಡಮತ್ ಸೇರಿದ ಉತ್ತರದ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಸರಕಿಗೆ ಮಂಗಳೂರೇ ಬಂದರು. ಇಂದು ನಮಗೆ ದಾರಿ ಹೆಚ್ಚಾಗಿ ಕೊಚ್ಚಿಯಿಂದ. ಹಡಗಿನಲ್ಲಿ 14ರಿಂದ 18 ಗಂಟೆ, ಅಥವಾ ಅಗತ್ತಿಗೆ ಸಣ್ಣ ವಿಮಾನದಲ್ಲಿ ಒಂದೂವರೆ ಗಂಟೆ. ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ 2024ರಲ್ಲಿ ಶುರುವಾಯಿತು, ನಿಮ್ಮ ದಿನಾಂಕಕ್ಕೆ ಇದೆಯೇ ಎಂದು ನೋಡಿ. ಅಗತ್ತಿಯ ರನ್‌ವೇ ಗಿಡ್ಡ, ಸಣ್ಣ ವಿಮಾನಕ್ಕೆ ತೂಕದ ಮಿತಿ ಬಿಗಿ, ಲಗೇಜ್ ಹಗುರವಿರಲಿ.

ಇಲ್ಲಿಗೆ ಭಾರತೀಯರಿಗೂ ಪ್ರವೇಶ ಪರವಾನಗಿ ಕಡ್ಡಾಯ. ಪೊಲೀಸ್ ಪರಿಶೀಲನಾ ಪತ್ರ, ಫೋಟೊ, ಗುರುತಿನ ಚೀಟಿ, ಉಳಿಯುವ ಜಾಗದ ವಿವರ ಬೇಕು. ಒಂದು ತಿಂಗಳು ಮುಂಚೆಯೇ ಕೆಲಸ ಶುರುಮಾಡಿ. ಪರವಾನಗಿ ಯಾವ ದ್ವೀಪಕ್ಕೋ ಆ ದ್ವೀಪಕ್ಕೆ ಮಾತ್ರ. ಇಬ್ಬರಲ್ಲಿ ಒಬ್ಬರದು ಬಂದು ಇನ್ನೊಬ್ಬರದು ತಡವಾಗುವುದುಂಟು, ಅದಕ್ಕೇ ಇಬ್ಬರ ಅರ್ಜಿಯನ್ನೂ ಒಟ್ಟಿಗೆ ಹಾಕಿ, ಬಂದ ಮೇಲೆಯೇ ಮರಳಿ ದುಡ್ಡು ಸಿಗದ ಟಿಕೆಟ್ ಕೊಳ್ಳಿ.

ಇಷ್ಟೆಲ್ಲ ಪಾಡು ಯಾಕೆ? ಹವಳದ ಗೋಡೆ ಅಲೆಗಳನ್ನು ಹೊರಗೇ ತಡೆಯುವುದರಿಂದ ಒಳಗಿನ ಲಗೂನ್ ಕೆರೆಯಷ್ಟು ಶಾಂತ. ಈಜು ಬಾರದವರು ಲೈಫ್ ಜಾಕೆಟ್ ಹಾಕಿ ಎದೆಮಟ್ಟದ ನೀರಲ್ಲಿ ಮುಖ ಮುಳುಗಿಸಿದರೆ ಸಾಕು, ಮೀನು ಕಾಣುತ್ತದೆ. ಅಗತ್ತಿಯ ಲಗೂನಿನಲ್ಲಿ ಕಡಲ ಹುಲ್ಲು ಮೇಯಲು ಹಸಿರು ಕಡಲಾಮೆಗಳು ಬರುತ್ತವೆ. ಅವು ಎಷ್ಟು ಮೇಯ್ದವೆಂದರೆ ಹುಲ್ಲೇ ಬರಿದಾಗಿ, ಮೀನು ಕಡಿಮೆಯಾಯಿತೆಂದು ಅಲ್ಲಿನ ಮೀನುಗಾರರಿಗೆ ಸಿಟ್ಟು ಬಂದದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಬೆನ್ನು ಸುಡದಂತೆ ತುಂಬುತೋಳಿನ ಈಜುಡುಗೆ ಹಾಕಿ, ತೇಲುತ್ತಾ ಅಲುಗಾಡದೆ ಇದ್ದರೆ ಆಮೆ ತಾನಾಗಿ ಹತ್ತಿರ ಬಂದು ಹುಲ್ಲನ್ನು ಬುಡದಿಂದ ಕಚ್ಚಿ ಎಳೆಯುತ್ತದೆ, ಉಸಿರಿಗಾಗಿ ಮೇಲೆ ಬಂದು, ಮೂಗಷ್ಟೇ ನೀರಿನ ಹೊರಗಿಟ್ಟು, ಮತ್ತೆ ಇಳಿಯುತ್ತದೆ. ಬೆನ್ನಟ್ಟಿದರೆ ಓಡುತ್ತದೆ, ಉಸಿರಾಡಲು ಮೇಲೆ ಬರುವ ದಾರಿಗೆ ಅಡ್ಡ ಬಂದರೆ ಅದಕ್ಕೆ ಅಪಾಯ.

ಹವಳದ ವಿಷಯದಲ್ಲಿ ಆಸೆ ಹಿಡಿತದಲ್ಲಿರಲಿ. 1998, 2010, 2016, 2024ರಲ್ಲಿ ನೀರು ಬಿಸಿಯಾಗಿ ಇಲ್ಲಿನ ಹವಳ ಬಿಳಿಚಿಕೊಂಡಿತು, ತುಂಬಾ ಸತ್ತಿದೆ. ನೆಲದ ಮೇಲೆ ಕಾಡುಪ್ರಾಣಿಗಳಿಲ್ಲ, ಹಕ್ಕಿಗಳೂ ಕೆಲವೇ. ಬಂಗಾರಂ ಬಿಟ್ಟರೆ ಮದ್ಯ ಇಲ್ಲ. ಜನವಸತಿಯ ದ್ವೀಪಗಳಲ್ಲಿ ಊರೊಳಗೆ ಮೈ ಮುಚ್ಚುವ ಬಟ್ಟೆ ಇರಲಿ. ಊಟ ಅನ್ನ, ಮೀನು, ತೆಂಗು. ಸಸ್ಯಾಹಾರಿಗಳು ಮೊದಲೇ ತಿಳಿಸಬೇಕು, ತರಕಾರಿ ಬರುವುದು ಹಡಗಿನಲ್ಲಿ.

ರೂಮುಗಳು ಕಡಿಮೆ ಇರುವುದರಿಂದ ಖರ್ಚು ಅಂಡಮಾನಿಗಿಂತ ಹೆಚ್ಚೇ ಬೀಳುತ್ತದೆ. ಐದು ದಿನದ 'ಸಮುದ್ರಂ' ಹಡಗು ಪ್ರವಾಸದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರೂ ಸಿಗುತ್ತವೆ. ರಾತ್ರಿ ಹಡಗಿನಲ್ಲೇ ಮಲಗುವುದು, ಹಗಲು ದ್ವೀಪ. ಬೇಗ ಎದ್ದು ಒಬ್ಬರೇ ದಂಡೆಯಲ್ಲಿ ನಡೆಯುವ ಸುಖ ಅದರಲ್ಲಿಲ್ಲ. ಅಗತ್ತಿಯಲ್ಲಿ ನಾಲ್ಕು ರಾತ್ರಿ ನಿಂತರೆ ಮೂರು-ನಾಲ್ಕು ಬೆಳಗು ಪೂರ್ತಿ ನಿಮ್ಮವು, ನಾಲ್ಕು ಆಯ್ಕೆಗಳಲ್ಲಿ ಅತಿ ಹೆಚ್ಚು.

ಶ್ರೀಲಂಕಾ: ಒಬ್ಬರಿಗೆ ಕಾಡು, ಒಬ್ಬರಿಗೆ ಕಡಲು

ಇಬ್ಬರ ಆಸೆ ಬೇರೆ ಬೇರೆಯಾಗಿದ್ದರೆ ಜಗಳ ತಪ್ಪಿಸುವ ಜಾಗ ಇದು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನ ಒಂದೂವರೆ ಗಂಟೆ, ದಕ್ಷಿಣದ ಎಕ್ಸ್‌ಪ್ರೆಸ್‌ವೇ ಹಿಡಿದರೆ ದಕ್ಷಿಣ ತೀರದ ಮಿರಿಸ್ಸಾಗೆ ಮೂರು ಗಂಟೆಯ ಆಸುಪಾಸು. ಪಾಸ್‌ಪೋರ್ಟ್ ಆರು ತಿಂಗಳು ಚಾಲ್ತಿಯಲ್ಲಿರಬೇಕು. ಭಾರತೀಯರಿಗೆ ವೀಸಾ ನಿಯಮ, ಶುಲ್ಕ ಆಗಾಗ ಬದಲಾಗಿದೆ, ಹೊರಡುವ ಮುನ್ನ ಅಲ್ಲಿನ ಸರ್ಕಾರಿ ಜಾಲತಾಣದಲ್ಲೇ ನೋಡಿ. ಅದೇ ಹೆಸರಿನಂತೆ ಕಾಣುವ ಖಾಸಗಿ ತಾಣಗಳು ಹೆಚ್ಚು ದುಡ್ಡು ಕೀಳುತ್ತವೆ.

ಮಿರಿಸ್ಸಾ ಬಳಿ ಕಡಲ ತಳ ದಡಕ್ಕೆ ಹತ್ತಿರದಲ್ಲೇ ಕಡಿದಾಗಿ ಇಳಿಯುತ್ತದೆ, ಅದಕ್ಕೇ ಭೂಮಿಯ ಅತಿದೊಡ್ಡ ಪ್ರಾಣಿಯಾದ ನೀಲಿ ತಿಮಿಂಗಿಲ ಇಲ್ಲಿ ಕೆಲವೇ ಗಂಟೆಯ ಬೋಟು ದೂರದಲ್ಲಿ ಸಿಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್ ಕಾಲ. ಅಗ್ಗದ ಬೋಟುಗಳು ಒಂದೇ ತಿಮಿಂಗಿಲವನ್ನು ಹತ್ತು ಕಡೆಯಿಂದ ಸುತ್ತುವರಿಯುತ್ತವೆ. ದೂರ ಕಾಯ್ದುಕೊಂಡು ಎಂಜಿನ್ ನಿಲ್ಲಿಸುವವರನ್ನೇ ಹುಡುಕಿ, ಎರಡು ಸಾವಿರ ಹೆಚ್ಚಾದರೂ ಸರಿ.

ಕಾಡಿಗೆ ಯಾಲಾನಾ ಉಡವಲವೆಯಾ? ಚಿರತೆಯ ಆಸೆಯಿದ್ದರೆ ಯಾಲಾ, ಅದರ ಒಂದನೇ ಭಾಗದಲ್ಲಿ ಚಿರತೆಗಳ ದಟ್ಟಣೆ ಜಗತ್ತಿನಲ್ಲೇ ಹೆಚ್ಚಿನದರಲ್ಲಿ ಒಂದು. ಜೀಪುಗಳ ದಟ್ಟಣೆಯೂ ಹಾಗೆಯೇ, ಒಂದು ಚಿರತೆಯ ಸುದ್ದಿಗೆ ನಲವತ್ತು ಜೀಪು ಓಡುತ್ತವೆ. ಬಂಡೀಪುರ, ನಾಗರಹೊಳೆಯ ಶಿಸ್ತಿನ ಸಫಾರಿ ನೋಡಿದವರಿಗೆ ಬೇಸರವಾಗುತ್ತದೆ. ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಯಾಲಾ ಸಾಮಾನ್ಯವಾಗಿ ಮುಚ್ಚಿರುತ್ತದೆ. ಉಡವಲವೆಯಲ್ಲಿ ಆನೆ ವರ್ಷವಿಡೀ ಖಚಿತ, ಬಯಲು ಹೆಚ್ಚಿರುವುದರಿಂದ ಮರಿಗಳ ಸಮೇತ ಹಿಂಡನ್ನು ನೆಮ್ಮದಿಯಾಗಿ ನೋಡಬಹುದು. ಆನೆ ನಮ್ಮಲ್ಲೇ ಬೇಕಾದಷ್ಟು ನೋಡಿದ್ದೇವೆ ಎನ್ನುವವರು ಯಾಲಾ ಆರಿಸಿ, ಐದನೇ ಭಾಗಕ್ಕೆ ಹೋಗುವ ಚಾಲಕರನ್ನು ಕೇಳಿ, ಅಲ್ಲಿ ಗದ್ದಲ ಕಡಿಮೆ.

ಐದು ದಿನದಲ್ಲಿ ಎರಡು ರಾತ್ರಿ ಮಿರಿಸ್ಸಾ, ಒಂದು ರಾತ್ರಿ ಕಾಡಿನ ಬಳಿ, ಒಂದು ರಾತ್ರಿ ತಂಗಾಲೆ. ತಂಗಾಲೆ ಪಕ್ಕದ ರೆಕಾವಾ ದಂಡೆಗೆ ರಾತ್ರಿ ಹಸಿರು ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಏಪ್ರಿಲ್ ನಂತರ ಹೆಚ್ಚು. ಬಿಳಿ ಟಾರ್ಚು, ಫ್ಲ್ಯಾಶ್ ಬೇಡ, ಬೆಳಕು ಕಂಡರೆ ಆಮೆ ಮೊಟ್ಟೆಯಿಡದೆ ಮರಳುತ್ತದೆ. ಮರಿಯಾಮೆಯನ್ನು ಕೈಗೆ ಕೊಟ್ಟು ಫೋಟೊ ತೆಗೆಸುವ ಕಡೆಗೆ ಹೋಗಬೇಡಿ. ಖರ್ಚು ಅಂಡಮಾನಿನಷ್ಟೇ, ಆದರೆ ಹಂಚಿಕೆ ಬೇರೆ: ರೂಮು, ಊಟ ಅಗ್ಗ, ಕಾರು, ಜೀಪು, ಉದ್ಯಾನದ ಪ್ರವೇಶ ದುಬಾರಿ.

ರಜೆ ಸಿಗುವುದೇ ಜುಲೈ-ಆಗಸ್ಟ್‌ನಲ್ಲಿ ಎನ್ನುವವರಿಗೂ ಶ್ರೀಲಂಕಾವೇ ಸರಿ, ಆದರೆ ಪೂರ್ವ ತೀರ. ನಮ್ಮ ಮುಂಗಾರು ದಕ್ಷಿಣ-ಪಶ್ಚಿಮವನ್ನು ತೋಯಿಸುವಾಗ ನಡುವಿನ ಬೆಟ್ಟಗಳು ಪೂರ್ವವನ್ನು ಕಾಯುತ್ತವೆ. ಟ್ರಿಂಕೋಮಲಿ ಬಳಿಯ ನಿಲಾವೇಲಿ ಬೀಚು, ಎದುರಿನ ಪಿಜನ್ ಐಲ್ಯಾಂಡ್ ರಾಷ್ಟ್ರೀಯ ಉದ್ಯಾನದಲ್ಲಿ ಸೊಂಟಮಟ್ಟದ ನೀರಲ್ಲೇ ಕಪ್ಪು ತುದಿಯ ಶಾರ್ಕ್ ಮರಿಗಳು, ದಾರಿಯಲ್ಲಿ ಮಿನ್ನೇರಿಯಾ ಕೆರೆಯ ಅಂಗಳಕ್ಕೆ ಹುಲ್ಲು ಮೇಯಲು ಸೇರುವ ನೂರಾರು ಆನೆಗಳು.

ಯಾರಿಗೆ ಯಾವುದು

ಇಬ್ಬರೂ ನೀರಿಗೆ ಹೆದರದವರು, ನೀರೊಳಗೆ ಒಮ್ಮೆ ಹೋಗಿ ನೋಡಬೇಕು, ಆಮೇಲೆ ಇಷ್ಟವಾದರೆ ದೊಡ್ಡ ಪ್ರವಾಸ ಎನ್ನುವವರು ನೇತ್ರಾಣಿಯಿಂದ ಶುರುಮಾಡಿ. ಅಂಡಮಾನಿಗೆ ಹೋಗಿ ಮೊದಲ ಸಲ ಮಾಸ್ಕ್ ಹಾಕಿ ಗಾಬರಿಯಾಗಿ ಹಿಂದೆ ಬರುವುದಕ್ಕಿಂತ ಇದು ಜಾಣತನ. ಬೀಚೇ ಮುಖ್ಯ, ಸಂಜೆ ಒಳ್ಳೆಯ ಊಟ, ಸ್ವಲ್ಪ ಓಡಾಟ ಬೇಕೆನ್ನುವವರಿಗೆ ಅಂಡಮಾನ್. ಒಬ್ಬರಿಗೆ ಈಜು ಬಾರದೆ ಇನ್ನೊಬ್ಬರು ಇಡೀ ದಿನ ನೀರಲ್ಲೇ ಇರುವವರಾದರೆ ಲಕ್ಷದ್ವೀಪ, ಇಬ್ಬರೂ ಒಂದೇ ಲಗೂನಿನಲ್ಲಿ ಇರಬಹುದು. ಒಬ್ಬರ ಹೆಗಲಲ್ಲಿ ಯಾವಾಗಲೂ ದುರ್ಬೀನು ತೂಗುತ್ತಿದ್ದರೆ, ನೀರಿಗಿಂತ ಕಾಡಿನ ಕಡೆಗೇ ಮನಸ್ಸಿದ್ದರೆ ಶ್ರೀಲಂಕಾ.

ಯಾವುದನ್ನು ಆರಿಸಿದರೂ ಬುಕಿಂಗ್ ಕ್ರಮ ಹೀಗಿರಲಿ: ಮೊದಲು ಪರವಾನಗಿ ಅಥವಾ ವೀಸಾ, ನಂತರ ವಿಮಾನ, ಅದರ ಸಮಯಕ್ಕೆ ಹೊಂದುವ ಫೆರ್ರಿ, ಆಮೇಲೆ ರೂಮು, ಕೊನೆಗೆ ಸ್ಕೂಬಾ ಅಥವಾ ಸಫಾರಿ. ಸ್ಕೂಬಾ, ತಿಮಿಂಗಿಲ ಬೋಟುಗಳನ್ನು ತಲುಪಿದ ಮರುದಿನದ ಬೆಳಗಿಗೇ ಇಡಿ, ಹವಾಮಾನ ಕೆಟ್ಟರೆ ಮುಂದಿನ ಬೆಳಗು ಕೈಯಲ್ಲಿರುತ್ತದೆ. ಬೋಟು ಹತ್ತುವ ದಿನ ಖಾಲಿ ಹೊಟ್ಟೆಯೂ ಬೇಡ, ಪೂರಿ-ಸಾಗು, ವಡೆಯೂ ಬೇಡ, ಎರಡು ಇಡ್ಲಿ ಸಾಕು. ವಾಂತಿಯ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳೆಸಲು ಶುರುವಾದ ಮೇಲೆ ಅದು ಕೆಲಸ ಮಾಡುವುದಿಲ್ಲ. ಕೆಲವು ಮಾತ್ರೆ ಮಂಪರು ತರುತ್ತವೆ, ಸ್ಕೂಬಾ ಮಾಡುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಬೋಟಿನ ಹಿಂಭಾಗದ ನಡುವೆ, ಡೀಸೆಲ್ ಹೊಗೆ ಬಾರದ ಕಡೆ ಕೂತು ಕಣ್ಣನ್ನು ದಿಗಂತದ ಗೆರೆಯ ಮೇಲಿಡಿ, ಮೊಬೈಲ್ ಮೇಲಲ್ಲ.

ಮರಳುವಾಗ ಚೀಲದಲ್ಲಿ ಹವಳದ ಚೂರು ಇರದಂತೆ ನೋಡಿಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳ ಹಾಗೂ ಹಲವು ಬಗೆಯ ಶಂಖ-ಚಿಪ್ಪುಗಳಿಗೆ ರಕ್ಷಣೆಯಿದೆ. ದಂಡೆಯಲ್ಲಿ ಸತ್ತು ಬಿದ್ದದ್ದು ಎಂಬ ಸಮಜಾಯಿಷಿ ಪೋರ್ಟ್ ಬ್ಲೇರ್ ವಿಮಾನ ನಿಲ್ದಾಣದ ಸ್ಕ್ಯಾನರ್ ಮುಂದೆ ನಡೆಯುವುದಿಲ್ಲ.